ಒಮ್ಮೆ ಹಿಡಿದ ತೆರಿಗೆಗೆ ಸಂಬಳವನ್ನೇ ತಡೆದರೆ?

ತಿಂಗಳ ಮೊದಲ ವಾರ ಮೊಬೈಲಿಗೆ ಸಂಬಳ ಜಮೆಯಾದ ಮೆಸೇಜ್ ಬರುತ್ತದೆ. ಎಟಿಎಂಗೆ ಹೋದರೆ ಹಣ ಬರುವುದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ‘ಇನ್‌ಕಂ ಟ್ಯಾಕ್ಸಿನವರ ಲೆಟರ್ ಬಂದಿದೆ, ನಮ್ಮ ಕೈಯಲ್ಲಿ ಎಂತದೂ ಇಲ್ಲ’ ಎನ್ನುತ್ತಾರೆ. ಇಂತಹ ಮಂಡೆಬಿಸಿ ದೊಡ್ಡ ವ್ಯಾಪಾರಸ್ಥರಿಗೆ ಮಾತ್ರ ಎಂದು ನಾವು ಬಹಳ ಕಾಲ ತಿಳಿದುಕೊಂಡಿದ್ದೆವು. ಈಗ ನಮ್ಮ ಮಕ್ಕಳು ಬೆಂಗಳೂರಿನ ಕಂಪೆನಿಗಳಲ್ಲಿ, ಆಸ್ಪತ್ರೆಗಳಲ್ಲಿ, ಕಾಲೇಜುಗಳಲ್ಲಿ ಕೆಲಸಕ್ಕಿದ್ದಾರೆ. ಗಲ್ಫ್‌ನಿಂದ ವಾಪಸ್ ಬಂದವರು ಊರಲ್ಲೇ ಸಂಬಳಕ್ಕೆ ನಿಂತಿದ್ದಾರೆ. ಪ್ಯಾನ್ ಕಾರ್ಡ್ ಇಲ್ಲದ ಮನೆ ಇಲ್ಲ. ಹಾಗಾಗಿ ಈ ಕಾಗದ ಯಾರ ಮನೆಗೂ ಬರಬಹುದು, ತಪ್ಪಾಗಿಯೂ ಬರಬಹುದು.

ಕಾನೂನು ಏನು ಹೇಳುತ್ತದೆ ಎಂದು ಮೊದಲು ನೋಡುವಾ. 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಇಲಾಖೆ ಡಿಮ್ಯಾಂಡ್ ನೋಟಿಸ್ ಕೊಟ್ಟರೆ ಕಟ್ಟಲು ಸಾಮಾನ್ಯವಾಗಿ 30 ದಿನ ಅವಕಾಶ. ಆ ಗಡುವು ದಾಟಿದರೆ ಬಾಕಿಯ ಮೇಲೆ ತಿಂಗಳಿಗೆ ಶೇ. 1ರಷ್ಟು ಬಡ್ಡಿ ಬೀಳುತ್ತದೆ, ವಸೂಲಿಗೂ ದಾರಿ ತೆರೆಯುತ್ತದೆ. ವಸೂಲಿಯ ದಾರಿ 226ನೇ ಸೆಕ್ಷನ್. ಅದರ ಎರಡನೇ ಉಪಸೆಕ್ಷನ್ ಪ್ರಕಾರ ಅಧಿಕಾರಿ ನೇರವಾಗಿ ನಿಮಗೆ ಸಂಬಳ ಕೊಡುವವರಿಗೇ ಪತ್ರ ಬರೆದು, ‘ಇವರ ಬಾಕಿಯನ್ನು ಸಂಬಳದಿಂದ ಹಿಡಿದು ನಮಗೆ ಕಟ್ಟಿ’ ಎನ್ನಬಹುದು. ಮೂರನೇ ಉಪಸೆಕ್ಷನ್ ಪ್ರಕಾರ ನಿಮ್ಮ ಹಣ ಇಟ್ಟುಕೊಂಡಿರುವ ಬ್ಯಾಂಕಿಗೆ, ನಿಮಗೆ ಹಣ ಕೊಡಬೇಕಾದ ಯಾರಿಗೇ ಆಗಲಿ ನೋಟಿಸ್ ಕೊಡಬಹುದು. ಅದರ ಒಂದು ಪ್ರತಿಯನ್ನು ನಿಮ್ಮ ಕೊನೆಯ ವಿಳಾಸಕ್ಕೂ ಕಳಿಸಬೇಕೆಂದು ಅದೇ ಸೆಕ್ಷನ್ ಹೇಳುತ್ತದೆ. ಆ ‘ಕೊನೆಯ ವಿಳಾಸ’ ಎಂಬಲ್ಲೇ ಅರ್ಧ ಗೋಳು ಇರುವುದು.

ಸಂಬಳಕ್ಕೆ ಒಂದು ಬೇಲಿಯನ್ನೂ ಕಾನೂನು ಹಾಕಿದೆ. ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಸಿವಿಲ್ ಪ್ರೊಸೀಜರ್ ಕೋಡ್‌ನ 60ನೇ ಸೆಕ್ಷನ್ ಪ್ರಕಾರ ಸಂಬಳದ ಮೊದಲ 1,000 ರೂ. ಮತ್ತು ಉಳಿದದ್ದರ ಮೂರರಲ್ಲಿ ಎರಡು ಭಾಗವನ್ನು ಮುಟ್ಟುವಂತಿಲ್ಲ. ಸಂಬಳ ಕೊಡುವವರ ಮೂಲಕ ನಡೆಯುವ ತೆರಿಗೆ ವಸೂಲಿಗೂ ಇದೇ ಮಿತಿ ಎಂದು 226(2) ಹೇಳುತ್ತದೆ. ತಿಂಗಳಿಗೆ 31,000 ರೂ. ದುಡಿಯುವವರ ಲೆಕ್ಕ ಹಾಕಿ. 1,000 ಬಿಟ್ಟರೆ 30,000, ಅದರ ಮೂರರಲ್ಲಿ ಎರಡು 20,000. ಅಂದರೆ 21,000 ರೂ. ಮನೆಗೆ ಬರಲೇಬೇಕು, ಹೆಚ್ಚೆಂದರೆ 10,000 ರೂ. ಹಿಡಿಯಬಹುದು. ಆದರೆ ಅದೇ ಸಂಬಳ ಬ್ಯಾಂಕ್ ಖಾತೆಗೆ ಬಿದ್ದ ಮೇಲೆ ಬ್ಯಾಂಕಿಗೆ ನೋಟಿಸ್ ಬಂದರೆ, ಇದು ಸಂಬಳ, ಇದು ಬೇರೆ ಹಣ ಎಂದು ವಿಂಗಡಿಸುವ ಕ್ರಮ ಸಾಮಾನ್ಯವಾಗಿ ಕಾಣುವುದಿಲ್ಲ. ನೋಟಿಸಿನಲ್ಲಿ ಇರುವಷ್ಟು ಮೊತ್ತಕ್ಕೆ ಇಡೀ ಖಾತೆಯೇ ನಿಲ್ಲುತ್ತದೆ. ಒಂದು ಬಾಗಿಲಿಗೆ ಬೇಲಿ ಕಟ್ಟಿ ಪಕ್ಕದ ಬಾಗಿಲು ತೆರೆದಿಟ್ಟ ಹಾಗೆ.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದು ಸೆಕ್ಷನ್ ನಂಬ್ರಗಳು ಬದಲಾಗಿವೆ. ಹಳೆಯ ವರ್ಷಗಳ ಬಾಕಿಯ ಕಾಗದಗಳಲ್ಲಿ ಕಾಣುವುದು 1961ರ ಕಾಯ್ದೆಯ ನಂಬ್ರ, ಆದ್ದರಿಂದ ನಾವೂ ಅದನ್ನೇ ಬಳಸಿದ್ದೇವೆ.)

ತಪ್ಪು ಆಗುವುದು ಹೇಗೆ? ನಮಗೆ ಗೊತ್ತಿರುವ ಒಂದು ಮನೆಯ ವಿಷಯ ಹೇಳುತ್ತೇವೆ. ಹೆಸರು, ಊರು ಬೇಡ. ಹುಡುಗ ಬೆಂಗಳೂರಿನ ಒಂದು ಕಂಪೆನಿಯಲ್ಲಿ ಮೂರು ವರ್ಷ ದುಡಿದಿದ್ದ. ಕೊನೆಯ ವರ್ಷ ತಿಂಗಳಿಗೆ 7,500 ರೂ. ಟಿಡಿಎಸ್ ಎಂದು ಸಂಬಳದಿಂದ ಕಡಿಯುತ್ತಿದ್ದರು, ಪೇಸ್ಲಿಪ್‌ನಲ್ಲಿ ಅದು ಸ್ಪಷ್ಟವಾಗಿಯೇ ಉಂಟು. ಕಂಪೆನಿ ಮುಚ್ಚಿತು. ಉಪ್ಪ ತೀರಿಕೊಂಡ ಮೇಲೆ ಹುಡುಗ ಮಂಗಳೂರಿಗೆ ಬಂದು ಕಡಿಮೆ ಸಂಬಳದ ಕೆಲಸಕ್ಕೆ ಸೇರಿದ. ಕೆಲವು ವರ್ಷದ ಬಳಿಕ ಒಂದು ತಿಂಗಳು ಸಂಬಳದ ಖಾತೆಗೆ 63,000 ರೂ. ತಡೆ ಬಿತ್ತು. ಅಂದರೆ ಎರಡು ತಿಂಗಳ ಸಂಬಳ. ಬಾಡಿಗೆ, ಅಂಗಡಿ ಲೆಕ್ಕ, ಉಮ್ಮನ ಮದ್ದು, ತಮ್ಮನ ಕಾಲೇಜು ಫೀಸು, ಎಲ್ಲವೂ ಆ ಖಾತೆಯಿಂದಲೇ ಹೋಗಬೇಕು.

ಹುಡುಕಿದಾಗ ಸಂಗತಿ ಹೊರಗೆ ಬಂತು. ಕಂಪೆನಿ ಮೊದಲ ಆರು ತಿಂಗಳ ಟಿಡಿಎಸ್ ಮಾತ್ರ ಸರಕಾರಕ್ಕೆ ಕಟ್ಟಿದೆ. ಉಳಿದ ಆರು ತಿಂಗಳದ್ದು, ಅಂದರೆ 45,000 ರೂ., ಹುಡುಗನಿಂದ ಹಿಡಿದಿದೆ, ಆದರೆ ಸರಕಾರಕ್ಕೆ ಹೋಗಿಲ್ಲ. ಇಲಾಖೆಯ ಕಂಪ್ಯೂಟರಿಗೆ 26ಎಎಸ್ ಫಾರ್ಮಿನಲ್ಲಿ ಕಂಡದ್ದೇ ಸತ್ಯ. ರಿಟರ್ನಿನಲ್ಲಿ 90,000 ಎಂದು ಬರೆದಿದ್ದಾನೆ, 26ಎಎಸ್‌ನಲ್ಲಿ 45,000 ಉಂಟು, ಹಾಗಾದರೆ ಬಾಕಿ 45,000. ಅದಕ್ಕೆ ತಿಂಗಳಿಗೆ 450ರಂತೆ 40 ತಿಂಗಳ ಬಡ್ಡಿ 18,000. ಇಷ್ಟಾದರೂ ಒಂದು ಕಾಗದ ಅವನ ಕಣ್ಣಿಗೆ ಬೀಳಲಿಲ್ಲ. ಯಾಕೆಂದರೆ ಪೋರ್ಟಲ್‌ನಲ್ಲಿ ಅವನು ಕೊಟ್ಟದ್ದು ಆ ಕಂಪೆನಿಯ ಆಫೀಸ್ ಇಮೇಲ್. ಕಂಪೆನಿಯೊಟ್ಟಿಗೆ ಅದೂ ಮುಚ್ಚಿ ಹೋಗಿತ್ತು.

ಮನೆಯಲ್ಲಿ ಎರಡು ಅಭಿಪ್ರಾಯ. ಕಾಕ ಹೇಳಿದರು, ‘ಕಟ್ಟಿಬಿಡು ಮಗಾ, ಸರಕಾರದ ಒಟ್ಟಿಗೆ ಜಗಳ ನಮಗೆ ಬೇಡ. ಹಣ ನಾನು ಕೊಡ್ತೇನೆ.’ ಉಮ್ಮ ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನ ತನಕ. ಅವರು ಕೇಳಿದ್ದು ಒಂದೇ ಮಾತು, ‘ನಿನ್ನ ಸಂಬಳದಿಂದ ಅವರು ತೆಗೆದದ್ದು ಹೌದಲ್ವಾ? ಮತ್ತೆ ನೀನು ಇನ್ನೊಮ್ಮೆ ಕೊಡುವುದು ಎಂತಕ್ಕೆ?’

ಉಮ್ಮ ಕೇಳಿದ್ದೇ ಕಾಯ್ದೆಯ 205ನೇ ಸೆಕ್ಷನ್. ಮೂಲದಲ್ಲೇ ತೆರಿಗೆ ಹಿಡಿಯಲಾಗಿದ್ದರೆ, ಹಿಡಿದಷ್ಟು ಮೊತ್ತವನ್ನು ಮತ್ತೆ ಆ ವ್ಯಕ್ತಿಯಿಂದ ಕೇಳುವಂತಿಲ್ಲ ಎಂದು ಅದು ಹೇಳುತ್ತದೆ. ಹಿಡಿದವರು ಸರಕಾರಕ್ಕೆ ಕಟ್ಟಲಿಲ್ಲವಾದರೆ ಅದು ಹಿಡಿದವರ ಮತ್ತು ಇಲಾಖೆಯ ನಡುವಿನ ವ್ಯವಹಾರ. ಅವರ ಮೇಲೆ ಬಡ್ಡಿ ಹಾಕಲು, 276ಬಿ ಸೆಕ್ಷನ್‌ನಲ್ಲಿ ಮೊಕದ್ದಮೆ ಹೂಡಲು ಇಲಾಖೆಗೆ ಅಧಿಕಾರ ಉಂಟು. ಕರ್ನಾಟಕ ಹೈಕೋರ್ಟ್ 2005ರಲ್ಲಿ, ಬಾಂಬೆ ಹೈಕೋರ್ಟ್ 2007ರಲ್ಲಿ ಇದೇ ಸೆಕ್ಷನ್ ಹಿಡಿದು ತೆರಿಗೆದಾರರ ಪರ ತೀರ್ಪು ಕೊಟ್ಟಿವೆ. ಬೆಂಗಳೂರು ಕೇಂದ್ರವಾಗಿದ್ದ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರಲ್ಲಿ ಹಾರಾಟ ನಿಲ್ಲಿಸಿದ್ದು ಎಲ್ಲರಿಗೂ ನೆನಪಿರಬಹುದು. ಅಲ್ಲಿ ಸಂಬಳದಿಂದ ಹಿಡಿದ ಟಿಡಿಎಸ್ ಸರಕಾರಕ್ಕೆ ಹೋಗದೆ ನೌಕರರಿಗೆ ಡಿಮ್ಯಾಂಡ್ ಬಂತು. ಅಲ್ಲಿನ ಪೈಲಟ್ ಒಬ್ಬರ ಅರ್ಜಿಯಲ್ಲಿ ಗುಜರಾತ್ ಹೈಕೋರ್ಟ್ 2021ರಲ್ಲಿ, ಹಿಡಿದಾದ ತೆರಿಗೆಯನ್ನು ಅವರಿಂದ ಮತ್ತೆ ಕೇಳುವಂತಿಲ್ಲ ಎಂದಿತು. 2023ರಲ್ಲಿ ದಿಲ್ಲಿ ಹೈಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನೇರ ವಸೂಲಿ ಮಾಡದೆ ಮುಂದಿನ ವರ್ಷಗಳ ರಿಫಂಡ್‌ನಿಂದ ಕಳೆದುಕೊಳ್ಳುವುದು ಕೂಡ ವಸೂಲಿಯೇ, ಅದೂ ಸಲ್ಲದು ಎಂದಿತು.

ಕೋರ್ಟಿನ ತನಕ ಹೋಗಲು ಎಲ್ಲರಿಗೂ ಆಗುವುದಿಲ್ಲ, ಸರಿ. ಆದರೆ ಇಲಾಖೆಯ ಮೇಲಿನ ಮಂಡಳಿಯೇ, ಅಂದರೆ ಕೇಂದ್ರ ನೇರ ತೆರಿಗೆ ಮಂಡಳಿ, 2015ರ ಜೂನ್ 1ರಂದು ಮತ್ತು 2016ರ ಮಾರ್ಚ್ 11ರಂದು ತನ್ನ ಅಧಿಕಾರಿಗಳಿಗೆ ಬರೆದಿದೆ. ಧಣಿ ಟಿಡಿಎಸ್ ಕಟ್ಟದೇ ಹುಟ್ಟಿದ ಡಿಮ್ಯಾಂಡನ್ನು ತೆರಿಗೆದಾರರ ಮೇಲೆ ಬಲವಂತದಿಂದ ಹೇರಬೇಡಿ ಎಂದು. ಹತ್ತು ವರ್ಷ ಕಳೆದ ಮೇಲೂ ಇಂತಹ ತಡೆ ಬೀಳುತ್ತದೆ ಎಂದರೆ, ಡಿಮ್ಯಾಂಡ್ ಹುಟ್ಟಿಸುವುದು ಕಂಪ್ಯೂಟರ್, ಅದರ ಹಿಂದೆ ಟಿಡಿಎಸ್‌ನ ಕಥೆ ಉಂಟೆಂದು ನೋಟಿಸಿಗೆ ಸಹಿ ಹಾಕುವವರಿಗೆ ಯಾರೂ ಹೇಳಿರುವುದಿಲ್ಲ. ಹೇಳಬೇಕಾದದ್ದು ನಾವೇ, ಅದೂ ಬರವಣಿಗೆಯಲ್ಲಿ.

ಹುಡುಗ ಮಾಡಿದ್ದು ಇಷ್ಟು. ಮೊದಲು ಬ್ಯಾಂಕ್ ಮ್ಯಾನೇಜರಲ್ಲಿ ನೋಟಿಸಿನ ಪ್ರತಿ ಕೇಳಿ ಪಡೆದ. ಜಗಳ ಮಾಡಲಿಲ್ಲ, ಅದರಿಂದ ಪ್ರಯೋಜನವೂ ಇಲ್ಲ. ನೋಟಿಸ್ ಬಂದ ಮೇಲೆ ಬ್ಯಾಂಕ್ ಪಾಲಿಸದಿದ್ದರೆ ಆ ಬಾಕಿ ಬ್ಯಾಂಕಿನ ತಲೆಗೇ ಬರುತ್ತದೆ. ನೋಟಿಸಿನಲ್ಲಿ ಅಧಿಕಾರಿಯ ಹುದ್ದೆ, ವಾರ್ಡು, ಯಾವ ವರ್ಷದ ಬಾಕಿ ಎಂಬುದೆಲ್ಲ ಇತ್ತು. ಡಿಐಎನ್ ಎಂಬ ಸಂಖ್ಯೆಯೂ ಇತ್ತು. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಲ್ಲಿ ಈ ಸಂಖ್ಯೆ ಇರಬೇಕು. ಪೋರ್ಟಲ್‌ನಲ್ಲಿ ಅದನ್ನು ಹಾಕಿದರೆ ಪತ್ರ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ, ಲಾಗಿನ್ ಕೂಡ ಬೇಡ. ವಾಟ್ಸ್ಆ್ಯಪ್‌ನಲ್ಲಿ ‘ತೆರಿಗೆ ಬಾಕಿ, ಈ ಲಿಂಕ್ ಒತ್ತಿ’ ಎಂದು ಬರುವವುಗಳನ್ನು ನೋಡಿ ಹೆದರುವವರು ಈ ಒಂದು ಕೆಲಸ ಕಲಿತರೆ ಸಾಕು.

ಮತ್ತೆ ಪೋರ್ಟಲ್ ಒಳಗೆ ಹೋಗಿ ‘ಪೆಂಡಿಂಗ್ ಆ್ಯಕ್ಷನ್ಸ್’ನಲ್ಲಿ ‘ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್’ ತೆರೆದು, ಡಿಮ್ಯಾಂಡ್ ಒಪ್ಪುವುದಿಲ್ಲ ಎಂದು ಕಾರಣ ಬರೆದ. ಅಲ್ಲಿ ಸುಮ್ಮನೆ ಬಿಟ್ಟರೆ ಒಪ್ಪಿದಂತೆ ಲೆಕ್ಕ ಹಿಡಿಯುವ ಸಾಧ್ಯತೆ ಉಂಟು. ತಿದ್ದುಪಡಿಗೆ 154ನೇ ಸೆಕ್ಷನ್‌ನಲ್ಲೂ ಅರ್ಜಿ ಹಾಕಿದ. ಆದೇಶವಾದ ಹಣಕಾಸು ವರ್ಷ ಮುಗಿದು ನಾಲ್ಕು ವರ್ಷದೊಳಗೆ ಇದನ್ನು ಮಾಡಬೇಕು. ಟಿಡಿಎಸ್ ಕಟ್ಟದ ಪ್ರಕರಣದಲ್ಲಿ ಆನ್‌ಲೈನ್ ತಿದ್ದುಪಡಿಯೊಂದನ್ನೇ ನಂಬಿ ಕೂರಬಾರದು. ಬೆಂಗಳೂರಿನ ಸೆಂಟ್ರಲೈಸ್ಡ್ ಪ್ರೊಸೆಸಿಂಗ್ ಸೆಂಟರ್‌ನ ಯಂತ್ರ ಪುನಃ ಅದೇ 26ಎಎಸ್ ನೋಡುತ್ತದೆ, ಪುನಃ ಅದೇ ಉತ್ತರ ಕೊಡುತ್ತದೆ. ನಿಮ್ಮ ಪ್ಯಾನ್ ಯಾವ ಅಧಿಕಾರಿಯ ವ್ಯಾಪ್ತಿಯಲ್ಲಿದೆಯೋ ಅವರ ಮೇಜಿಗೆ ಕಾಗದ ಹೋಗಲೇಬೇಕು.

ಅಲ್ಲೇ ಅವನಿಗೆ ಹೆಚ್ಚು ದಿನ ಹಿಡಿದದ್ದು. ಅತ್ತಾವರದ ಕಚೇರಿಗೆ ಹೋದರೆ ಪ್ಯಾನ್ ಬೆಂಗಳೂರಿನ ವಾರ್ಡಿನಲ್ಲಿದೆ. ಕೆಲಸ ಸಿಕ್ಕಿದಾಗ ಬೆಂಗಳೂರಿನ ವಿಳಾಸ ಕೊಟ್ಟಿದ್ದ, ಊರಿಗೆ ಬಂದ ಮೇಲೆ ಬದಲಾಯಿಸಲಿಲ್ಲ. ಪೋರ್ಟಲ್‌ನಲ್ಲಿ ‘ನೋ ಯುವರ್ ಎಒ’ ಎಂಬಲ್ಲಿ ಪ್ಯಾನ್ ಮತ್ತು ಮೊಬೈಲ್ ನಂಬ್ರ ಹಾಕಿದರೆ ಇದು ಮನೆಯಲ್ಲೇ ತಿಳಿಯುತ್ತದೆ, ರಿಕ್ಷಾ ಬಾಡಿಗೆ ಉಳಿಯುತ್ತದೆ. ಎರಡು ಸಲ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬಂದ. ಕೆಲಸಕ್ಕೆ ರಜೆ, ಆ ದಿನಗಳ ಸಂಬಳ ಇಲ್ಲ. ಪತ್ರದೊಟ್ಟಿಗೆ ಹನ್ನೆರಡು ತಿಂಗಳ ಪೇಸ್ಲಿಪ್ ಇಟ್ಟ, ಪುಣ್ಯಕ್ಕೆ ಅವು ಸ್ವಂತ ಇಮೇಲ್‌ನಲ್ಲಿದ್ದವು. ಕಡಿತ ಕಳೆದು ಬಂದ ನಿವ್ವಳ ಸಂಬಳ ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್, ನೇಮಕಾತಿ ಪತ್ರ, 26ಎಎಸ್ ಇಟ್ಟ. ಫಾರ್ಮ್ 16 ಇರಲಿಲ್ಲ, ಕಂಪೆನಿ ಕೊಡಲೇ ಇಲ್ಲ. 205ನೇ ಸೆಕ್ಷನ್, ಮಂಡಳಿಯ ಎರಡು ಪತ್ರಗಳ ತಾರೀಕು ಬರೆದ. ಇದು ಸಂಬಳದ ಖಾತೆ, ಮನೆಗೆ ಬೇರೆ ಆದಾಯ ಇಲ್ಲ, ಕಾಗದ ನೋಡಿ ತೀರ್ಮಾನ ಮಾಡುವ ತನಕವಾದರೂ ತಡೆ ಸಡಿಲಿಸಿ ಎಂದೂ ಬರೆದ. ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡ. ಪೋರ್ಟಲ್‌ನ ಇ-ನಿವಾರಣ್‌ನಲ್ಲಿ ದೂರನ್ನೂ ದಾಖಲಿಸಿದ. ಕಟ್ಟದ ಧಣಿಯ ಬಗ್ಗೆ ಟಿಡಿಎಸ್ ವಿಭಾಗಕ್ಕೆ ಇನ್ನೊಂದು ಪತ್ರ.

ಹನ್ನೊಂದನೇ ವಾರ ಅಧಿಕಾರಿ ಬ್ಯಾಂಕಿಗೆ ಬರೆದು ನೋಟಿಸ್ ಹಿಂದಕ್ಕೆ ಪಡೆದರು. ಹೀಗೆ ಹಿಂಪಡೆಯುವ, ತಿದ್ದುವ ಅಧಿಕಾರ 226(3)ರಲ್ಲೇ ಅವರಿಗೆ ಉಂಟು. ಬಾಯಿಮಾತಿನಲ್ಲಿ ‘ಸರಿ ಮಾಡ್ತೇವೆ’ ಎಂದರೆ ಬ್ಯಾಂಕ್ ಒಪ್ಪುವುದಿಲ್ಲ, ಆ ಪತ್ರವೇ ಬೇಕು. ಪೋರ್ಟಲ್‌ನಲ್ಲಿ ಡಿಮ್ಯಾಂಡ್ ಮಾತ್ರ ಇವತ್ತಿಗೂ ಕಾಣುತ್ತಿದೆ. ಮುಂದೆ ರಿಫಂಡ್ ಬರುವುದಿದ್ದರೆ 245ನೇ ಸೆಕ್ಷನ್‌ನಲ್ಲಿ ‘ಹಳೇ ಬಾಕಿಗೆ ಹೊಂದಿಸುತ್ತೇವೆ’ ಎಂದು ಪತ್ರ ಬರಬಹುದು. ಅದಕ್ಕೂ ಗಡುವಿನೊಳಗೆ ಒಪ್ಪುವುದಿಲ್ಲ ಎಂದು ಉತ್ತರಿಸಬೇಕು.

ಕಾಕನ ಮಾತನ್ನು ನಾವು ತೆಗೆದುಹಾಕುವುದಿಲ್ಲ. ಎರಡು ತಿಂಗಳು ಮನೆ ನಡೆದದ್ದು ಕಾಕನ ಕೈಸಾಲದಿಂದಲೇ. ಆದರೆ ಕೊಡಬೇಕಾಗಿಲ್ಲದ ತೆರಿಗೆಯನ್ನು ಹೆದರಿ ಕಟ್ಟಿದರೆ ಬಾಕಿ ಶೂನ್ಯವಾಗುತ್ತದೆ, ಫೈಲ್ ಮುಚ್ಚುತ್ತದೆ. ಅದನ್ನು ಪುನಃ ತೆರೆಸುವುದು ತಡೆ ತೆಗೆಸುವುದಕ್ಕಿಂತ ಕಷ್ಟ. ಅಷ್ಟರಲ್ಲಿ ಹಣ ನುಂಗಿದ ಧಣಿಯನ್ನು ಕೇಳುವವರೂ ಇರುವುದಿಲ್ಲ.

ಇನ್ನೊಂದು ವಿಷಯ ನಮ್ಮ ಹೆಸರುಗಳದ್ದು. ಒಂದೇ ಗಲ್ಲಿಯಲ್ಲಿ ನಾಲ್ಕು ಮುಹಮ್ಮದ್, ಮೂರು ಅಬ್ದುಲ್ ರಹಿಮಾನ್. ಅದೇ ಹೆಸರನ್ನು ಪಾಸ್‌ಪೋರ್ಟಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಒಂದು ರೀತಿ, ಪ್ಯಾನ್‌ನಲ್ಲಿ ಮತ್ತೊಂದು ರೀತಿ ಬರೆದಿರುತ್ತಾರೆ. ಪ್ಯಾನ್ ಹತ್ತು ಅಕ್ಷರದ್ದು, ಒಬ್ಬೊಬ್ಬರಿಗೆ ಒಂದೇ. ಆದರೆ ಕಂಪೆನಿಯ ಅಕೌಂಟೆಂಟ್ ಒಂದು ಅಕ್ಷರ ತಪ್ಪಿ ಬರೆದರೆ ಇನ್ನೊಬ್ಬನ ಸಂಬಳ ನಿಮ್ಮ ಪ್ಯಾನ್‌ಗೆ ಬಂದು ಕೂರಬಹುದು. ಹೆಸರು ಹತ್ತಿರದ್ದಾದರೆ ಯಾರಿಗೂ ಸಂಶಯವೂ ಬರುವುದಿಲ್ಲ. ವರ್ಷಕ್ಕೊಮ್ಮೆ ಪೋರ್ಟಲ್‌ನಲ್ಲಿ ಎಐಎಸ್ ತೆರೆದು ನೋಡಿ. ನಿಮ್ಮದಲ್ಲದ ಆದಾಯ ಕಂಡರೆ ಅದರ ಎದುರೇ ‘ಇದು ಬೇರೆ ಪ್ಯಾನ್‌ಗೆ ಸೇರಿದ್ದು’ ಎಂದು ತಿಳಿಸುವ ಅವಕಾಶ ಉಂಟು. ಪ್ಯಾನ್ ಕಳೆದುಹೋಯಿತೆಂದು ಹೊಸ ನಂಬ್ರ ಮಾಡಿಸಿಕೊಂಡವರು ಎರಡರಲ್ಲಿ ಒಂದನ್ನು ವಾಪಸ್ ಕೊಡಬೇಕು, ಎರಡಿಟ್ಟುಕೊಂಡರೆ 10,000 ರೂ. ದಂಡ ಬೀಳಬಹುದು.

ಗಲ್ಫ್‌ನಲ್ಲಿರುವವರ ಸಂಕಟ ಬೇರೆ ತರಹದ್ದು. ಅಲ್ಲಿ ದುಡಿದ ಸಂಬಳಕ್ಕೆ ಅನಿವಾಸಿಯಾದವರು ಇಲ್ಲಿ ತೆರಿಗೆ ಕೊಡಬೇಕಾಗಿಲ್ಲ. ಎನ್‌ಆರ್‌ಇ ಖಾತೆಯ ಬಡ್ಡಿಗೂ ತೆರಿಗೆ ಇಲ್ಲ. ಆದರೆ ಹಲವರು ಊರಿನ ಹಳೇ ಉಳಿತಾಯ ಖಾತೆಗೇ ವರ್ಷಗಟ್ಟಲೆ ಹಣ ಹಾಕುತ್ತಾರೆ, ರಿಟರ್ನ್ ಹಾಕುವುದಿಲ್ಲ. ಜಾಗ ತೆಗೆದುಕೊಂಡಾಗಲೋ ದೊಡ್ಡ ಠೇವಣಿ ಇಟ್ಟಾಗಲೋ ಇಲಾಖೆಗೆ ಮಾಹಿತಿ ಹೋಗುತ್ತದೆ, 148ನೇ ಸೆಕ್ಷನ್ ನೋಟಿಸ್ ಬರುತ್ತದೆ. ಬರುವುದು ಎಲ್ಲಿಗೆ? ಪ್ಯಾನ್ ಮಾಡಿಸಿಕೊಟ್ಟ ಸೈಬರ್ ಅಂಗಡಿಯ ಇಮೇಲಿಗೆ! ಉತ್ತರ ಇಲ್ಲದ್ದಕ್ಕೆ ಅಧಿಕಾರಿ ಇದ್ದ ಮಾಹಿತಿಯಲ್ಲೇ ಆದೇಶ ಮಾಡುತ್ತಾರೆ. ಮೂಲ ತೋರಿಸದ ಹಣ ಎಂದು ಲೆಕ್ಕ ಹಿಡಿದರೆ ಶೇ. 60 ತೆರಿಗೆ, ಅದರ ಮೇಲೆ ಶೇ. 25 ಸರ್ಚಾರ್ಜ್, ಮತ್ತೆ ಶೇ. 4 ಸೆಸ್, ಒಟ್ಟು ಶೇ. 78 ತನಕ ಹೋಗುತ್ತದೆ. 10 ಲಕ್ಷಕ್ಕೆ 7.8 ಲಕ್ಷ. ರಜೆಯಲ್ಲಿ ಊರಿಗೆ ಬಂದವರಿಗೆ ಖಾತೆ ನಿಂತಿರುವುದು ಆಗಲೇ ಗೊತ್ತಾಗುವುದು. ಇದಕ್ಕೆ ಮೇಲ್ಮನವಿಯ ದಾರಿ ಉಂಟು. ಗಡುವು 30 ದಿನ, ದಾಟಿದ್ದರೆ ವಿಳಂಬ ಮನ್ನಿಸಲು ಕಾರಣ ಸಹಿತ ಕೇಳಿಕೊಳ್ಳಬೇಕು. ಮೇಲ್ಮನವಿ ಹಾಕಿ ಬಾಕಿಯ ಶೇ. 20 ಕಟ್ಟಿದರೆ ಉಳಿದದ್ದರ ವಸೂಲಿಗೆ ಸಾಮಾನ್ಯವಾಗಿ ತಡೆ ಸಿಗುತ್ತದೆ. ಪಾಸ್‌ಪೋರ್ಟಿನ ಬಂದುಹೋದ ಸೀಲುಗಳು, ಅಲ್ಲಿನ ಸಂಬಳದ ಕಾಗದ, ಹಣ ಕಳಿಸಿದ ರಶೀದಿಗಳೇ ಸಾಕ್ಷಿ. ಹಳೇ ಪಾಸ್‌ಪೋರ್ಟ್ ಬಿಸಾಡಬೇಡಿ. ಈ ಹಂತಕ್ಕೆ ಬಂದರೆ ಸ್ವಂತ ಓಡಾಟ ಸಾಲದು, ಸಿಎ ಅಥವಾ ತೆರಿಗೆ ವಕೀಲರು ಬೇಕು.

ಸಣ್ಣ ಹಳೇ ಬಾಕಿಗಳ ಬಗ್ಗೆ ಒಂದು ಮಾತು. 2024ರ ಫೆಬ್ರವರಿಯ ಮಧ್ಯಂತರ ಬಜೆಟಿನಲ್ಲಿ 2009-10ರ ಹಣಕಾಸು ವರ್ಷದವರೆಗಿನ 25,000 ರೂ. ಒಳಗಿನ, 2010-11ರಿಂದ 2014-15ರವರೆಗಿನ 10,000 ರೂ. ಒಳಗಿನ ಡಿಮ್ಯಾಂಡ್‌ಗಳನ್ನು ಕೈಬಿಡುವುದಾಗಿ ಘೋಷಿಸಿದರು. ಒಬ್ಬರಿಗೆ ಒಟ್ಟು 1 ಲಕ್ಷ ರೂ. ಮಿತಿ. ಅಂತಹದ್ದು ಯಾರಿಗಾದರೂ ಇದ್ದರೆ ಪೋರ್ಟಲ್‌ನಲ್ಲಿ ಅಳಿದಿದೆಯೋ ಎಂದು ನೋಡಿಕೊಳ್ಳಿ.

ಹೇಳಲು ಸ್ವಲ್ಪ ಸಂಕೋಚವಾಗುವ ಮಾತೂ ಉಂಟು. ನಮ್ಮಲ್ಲಿ ಇಂತಹ ಕಾಗದ ಬಂದರೆ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಹೊರಗೆ ಗೊತ್ತಾದರೆ ಸಂಜೆಯೊಳಗೆ ‘ಅವರ ಮನೆಗೆ ಇಡಿ ಬಂತಂತೆ’ ಎಂಬಲ್ಲಿಗೆ ಸುದ್ದಿ ತಲುಪುತ್ತದೆ. ತಂಗಿಯ ಸಂಬಂಧ ಮಾತಾಡುತ್ತಿರುವ ಮನೆಯಾದರೆ ಕೇಳುವುದೇ ಬೇಡ. ಆ ಹೆದರಿಕೆಯನ್ನು ಹಿಡಿದೇ ‘ನನಗೆ ಒಳಗೆ ಜನ ಉಂಟು, ಇಷ್ಟು ಕೊಡಿ’ ಎನ್ನುವವರು ಬರುತ್ತಾರೆ. ಅವರಿಗೆ ಕೊಟ್ಟದ್ದಕ್ಕೆ ರಶೀದಿ ಇಲ್ಲ, ಬಾಕಿಯೂ ಹೋಗುವುದಿಲ್ಲ. ಟಿಡಿಎಸ್ ಬಾಕಿಯ ಪತ್ರಕ್ಕೂ ದಾಳಿಗೂ ಯಾವ ಸಂಬಂಧವೂ ಇಲ್ಲ. ಪಕ್ಕದ ಮನೆಯಲ್ಲಿ ಲೆಕ್ಕಪತ್ರ ಗೊತ್ತಿರುವ ಹುಡುಗನೋ ಹುಡುಗಿಯೋ ಇದ್ದರೆ ನಾಚಿಕೆ ಬಿಟ್ಟು ಕಾಗದ ತೋರಿಸಿ. ಸಿಎ ಓದಿದ ಮಕ್ಕಳು ಈಗ ನಮ್ಮಲ್ಲೂ ಬೇಕಾದಷ್ಟು ಇದ್ದಾರೆ.

ಕೆಲಸದಲ್ಲಿರುವವರು ಮೂರು ತಿಂಗಳಿಗೊಮ್ಮೆ 26ಎಎಸ್ ತೆರೆದು, ಪೇಸ್ಲಿಪ್‌ನಲ್ಲಿ ಕಡಿದದ್ದು ಅಲ್ಲಿ ಬಂದಿದೆಯೋ ನೋಡಿ. ಧಣಿ ಹಿಡಿದ ತೆರಿಗೆಯನ್ನು ಮರುತಿಂಗಳ 7ರೊಳಗೆ ಕಟ್ಟಬೇಕು, ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30. ಮೂರು ತಿಂಗಳ ಲೆಕ್ಕ ಸಲ್ಲಿಸಿದ ಮೇಲೆ ಅದು ನಿಮಗೂ ಕಾಣುತ್ತದೆ. ಕಾಣದಿದ್ದರೆ ಎಚ್‌ಆರ್‌ಗೆ ಇಮೇಲ್ ಮಾಡಿ, ಬಾಯಲ್ಲಿ ಕೇಳಿ ಸುಮ್ಮನಾಗಬೇಡಿ. ಫಾರ್ಮ್ 16 ಜೂನ್ 15ರೊಳಗೆ ಕೈಗೆ ಬರಬೇಕು. ಪೋರ್ಟಲ್‌ನಲ್ಲಿ ಆಫೀಸಿನ ಇಮೇಲ್ ಕೊಟ್ಟಿದ್ದರೆ ಇವತ್ತೇ ಸ್ವಂತದ್ದಕ್ಕೆ ಬದಲಾಯಿಸಿ. ಕೆಲಸ ಬಿಡುವ ದಿನ ಎಲ್ಲ ಪೇಸ್ಲಿಪ್‌ಗಳನ್ನು ಸ್ವಂತ ಇಮೇಲಿಗೆ ಕಳಿಸಿಕೊಂಡು ಹೊರಡಿ. ಕಂಪೆನಿ ಮುಚ್ಚಿದ ಮೇಲೆ ಕೇಳಲು ಹೋದರೆ ಅಲ್ಲಿ ಕೊಡುವವರು ಯಾರೂ ಇರುವುದಿಲ್ಲ.